ದನಿಗೆ ಎರಡು ಕೀಲಿ

ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಎಂದು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಬುದ್ಧಿ ಹೇಳುವವನು ನಾನು. ಕೊಚ್ಚಿಯ ಕಳಮಶ್ಶೇರಿಯಲ್ಲಿ ಒಂದು ಕೇಂದ್ರ ಸರ್ಕಾರಿ ಕಚೇರಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಯಾರದೋ ಪ್ರಿಂಟರ್ ಕಾಗದ ನುಂಗಿತು, ಯಾರಿಗೋ ಪಾಸ್‌ವರ್ಡ್ ಮರೆತುಹೋಯಿತು ಎಂದು ದಿನವಿಡೀ ಓಡಾಡುತ್ತಿರುತ್ತೇನೆ. ಅಂಥವನು ಆ ಶನಿವಾರ ಬೆಳಿಗ್ಗೆ ತಿರುವನಂತಪುರದ ನಮ್ಮ ಬಾಡಿಗೆ ಮನೆಯಲ್ಲಿ ಊಟದ ಮೇಜನ್ನು ಮುಷ್ಟಿಯಿಂದ ಗುದ್ದಿದೆ. ಸಾರಿನ ಪಾತ್ರೆಯ ಮುಚ್ಚಳ ಹಾರಿ ಕೆಳಗೆ ಬಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಮತ್ತೆ ಅದೇ ಸಂದೇಶ: ಈ ಕಂಪ್ಯೂಟರಿನಲ್ಲಿ ಈ ಆಪರೇಟಿಂಗ್ ಸಿಸ್ಟಮ್ ಹಾಕಲು ಬರುವುದಿಲ್ಲ.

"ಅದಕ್ಯಾಕ ಹೊಡೀತೀರಿ? ಬೈದ್ರ ಕೇಳಾಕ ಅದೇನ್ ನಿಮ್ಮ ಹೆಂಡ್ತಿ ಏನು?" ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಕೂಗು ಕೊನೆಗೆ ಒಡೆದು ಕೆಮ್ಮಾಯಿತು. ಆ ಕೆಮ್ಮು ಕೇಳಿದ ಮೇಲೆ ನನಗೆ ಮೇಜು ಗುದ್ದುವ ಶಕ್ತಿಯೂ ಉಳಿಯಲಿಲ್ಲ.

ಅವಳ ಗಂಟಲಲ್ಲಿ ಗಡ್ಡೆ ಇತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು, ತೆಗೆದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದು ಡಾಕ್ಟರ್ ನೇರವಾಗಿ ಹೇಳಿದ್ದರು. ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮಲಯಾಳಿ ಹೆಂಗಸೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ಈಗಲೇ ನಿಮ್ಮ ದನಿಯಲ್ಲಿ ಬೇಕಾದ ಮಾತುಗಳನ್ನೆಲ್ಲ ಹೇಳಿ ಕೂಡಿಡಿ, ಆಮೇಲೆ ಗುಂಡಿ ಒತ್ತಿದರೆ ನಿಮ್ಮದೇ ದನಿಯಲ್ಲಿ ಅದು ಮಾತಾಡುತ್ತದೆ ಎಂದು ಒಂದು ಪ್ರೋಗ್ರಾಂ ಕೊಟ್ಟರು. ಒಂದೊಂದು ವಾಕ್ಯಕ್ಕೆ ಒಂದೊಂದು ಗುಂಡಿ. ಆದರೆ ಆ ಪ್ರೋಗ್ರಾಂ ಹೊಸ ಆಪರೇಟಿಂಗ್ ಸಿಸ್ಟಮ್ ಇದ್ದರೆ ಮಾತ್ರ ನಡೆಯುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಮಗಳ ಆನ್‌ಲೈನ್ ತರಗತಿಗೆಂದು ಎಂದೋ ತಂದ ಲ್ಯಾಪ್‌ಟಾಪ್.

ಹೊಸದು ತರುತ್ತೇನೆ ಎಂದೆ. "ಮಗಳು ಕಾಲೇಜಿಗೆ ಹೊಂಟಾಗ ಹೊಸಾದು ತರೋಣು. ನನ್ನ ಗಂಟಲಕ್ಕ ಬ್ಯಾಡ" ಎಂದಳು. ಅವಳು ಬೇಡ ಎಂದರೆ ಬೇಡವೇ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು, ಎದುರಿನವರು ಎಷ್ಟೇ ಗದ್ದಲ ಮಾಡಿದರೂ ಟೋಕನ್ ಇಲ್ಲದೆ ದುಡ್ಡು ಕೊಡದವಳು.

ನಮ್ಮ ಸಂಸಾರವೇ ಒಂದು ರೈಲುಗಾಡಿ. ನಾನು ಮೈಸೂರಿನವನು, ಅವಳು ಧಾರವಾಡದವಳು. ಇಬ್ಬರಿಗೂ ಕೇರಳದಲ್ಲಿ ಕೆಲಸ ಸಿಕ್ಕಿತು, ಒಂದೇ ಊರಿನಲ್ಲಿ ಸಿಗಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಕಳಮಶ್ಶೇರಿಯ ಕ್ವಾರ್ಟರ್ಸಿನಲ್ಲಿ. ಶುಕ್ರವಾರ ಸಂಜೆ ಆಲುವದಲ್ಲಿ ರೈಲು ಹತ್ತಿ, ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನಲ್ಲಿ ಇಳಿದು ಮನೆ ಸೇರಿದರೆ ಭಾನುವಾರದವರೆಗೆ ಗಂಡ, ಅಪ್ಪ. ಅವಳ ಕನ್ನಡವನ್ನು ನಾನು ಆಡಿಕೊಳ್ಳುತ್ತಿದ್ದೆ, ನನ್ನ ಕನ್ನಡವನ್ನು ಅವಳು. "ಏನ್ ಮಾಡ್ತಿದೀಯಾ" ಎಂದು ನಾನು ಕೇಳಿದರೆ, "ಅಗದೀ ಮೆತ್ತಗ ಕೇಳ್ತೀರಿ ನೋಡ್ರಿ, ಇಡ್ಲಿ ಕೇಳ್ದಂಗ" ಎನ್ನುವಳು. ನಮ್ಮಿಬ್ಬರ ನಡುವೆ ಬೆಳೆದ ಮಗಳು ಎರಡೂ ಕನ್ನಡವನ್ನು ಚೆನ್ನಾಗಿ ತಿಳಿದುಕೊಂಡು, ಉತ್ತರ ಮಾತ್ರ ಮಲಯಾಳದಲ್ಲಿ ಕೊಡುತ್ತಿದ್ದಳು. ಪ್ರತಿದಿನ ಸ್ಕೂಲಿನಿಂದ ಬಂದವಳನ್ನು ಅವಳಮ್ಮ "ಊಟಾ ಆತೇನ?" ಎಂದು ಕೇಳುವುದು, ಅವಳು "ಕಳಿಚ್ಚು ಅಮ್ಮೇ" ಎಂದು ಬಾಗಿಲಿನಿಂದಲೇ ಕೂಗಿ ಕೋಣೆ ಸೇರುವುದು. ಆಯಿತು ಎಂದು ಅದರ ಅರ್ಥ. ಹತ್ತಕ್ಕೆ ಒಂಬತ್ತು ಸಲ ಅದು ಸುಳ್ಳು. ಡಬ್ಬಿಯ ಅನ್ನ ಹೋದ ಹಾಗೆಯೇ ವಾಪಸು ಬಂದಿರುತ್ತಿತ್ತು.

ಇರಲಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಹೊಸದನ್ನು ನೇರವಾಗಿ ಹಾಕಲು ಬರದಿದ್ದರೆ, ಅದರೊಳಗೇ ಇನ್ನೊಂದು ಕಂಪ್ಯೂಟರನ್ನು ಕಟ್ಟಬಹುದು. ಕೈಗೆ ಸಿಗುವಂಥದ್ದಲ್ಲ, ಸಾಫ್ಟ್‌ವೇರಿನಲ್ಲೇ ಮಾಡಿದ್ದು. ನಮ್ಮ ಭಾಷೆಯಲ್ಲಿ ವರ್ಚುವಲ್ ಮೆಷಿನ್. ಕಚೇರಿಯಲ್ಲಿ ಇಂಥವನ್ನು ಬೇಕಾದಷ್ಟು ಮಾಡಿದ್ದೆ. ಆದರೆ ಹೊಸ ವ್ಯವಸ್ಥೆಗೆ ಬಹಳ ಬಿಂಕ. ಬರಿಯ ಮೆಷಿನ್ ಇದ್ದರೆ ಸಾಲದು, ಅದರಲ್ಲಿ ಕಾವಲಿನ ಏರ್ಪಾಡುಗಳೆಲ್ಲ ಸರಿಯಾಗಿರಬೇಕು, ಇಲ್ಲದಿದ್ದರೆ ಹೊಸ್ತಿಲು ದಾಟುವುದಿಲ್ಲ. ನಾನು ಗುದ್ದಿದ್ದು ಆ ಹೊಸ್ತಿಲನ್ನೇ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. "ಏನಂತದ ಅದು?"

ಸೆಟ್ಟಿಂಗ್ಸ್ ತೆಗೆದು ತೋರಿಸಿದೆ. ಮೊದಲನೆಯದು ಸೆಕ್ಯೂರ್ ಬೂಟ್. ಮೆಷಿನ್ ಎದ್ದೇಳುವಾಗ ಯಾವ ಯಾವ ತುಣುಕು ಓಡುತ್ತದೋ ಅವೆಲ್ಲದರ ಮೇಲೂ ಸರಿಯಾದವರ ಸಹಿ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಏಳುವುದೇ ಇಲ್ಲ ಎಂದೆ.

"ಅಷ್ಟ ಅಲ್ಲೇನು! ಚೆಕ್ ಬಂದ್ರ ನಾವು ಸಹಿ ತಾಳಿ ನೋಡೂದಿಲ್ಲೇನು? ಹಂಗ" ಎಂದಳು. ನಮ್ಮ ಕಚೇರಿಯಲ್ಲಿ ಇದನ್ನು ವಿವರಿಸಲು ನಾನು ಒಂದು ಮಧ್ಯಾಹ್ನವಿಡೀ ಸ್ಲೈಡು ತೋರಿಸಿದ್ದೆ, ಎಲ್ಲರೂ ತೂಕಡಿಸಿದ್ದರು. ಆ ಆಯ್ಕೆಯ ಮುಂದೆ ಗುರುತು ಹಾಕಿದೆ.

ಎರಡನೆಯದು ಒಂದು ಚಿಪ್. ಕೀಲಿಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಚಿಪ್. ನಿಜವಾದದ್ದು ನಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಆದರೆ ವರ್ಚುವಲ್ ಮೆಷಿನ್ನಿಗೆ ವರ್ಚುವಲ್ ಚಿಪ್ಪನ್ನೇ ಕೊಡಬಹುದು. ಸೇರಿಸು ಎಂದು ಒತ್ತಿದೆ. ತಕ್ಷಣ ಅದು ಷರತ್ತು ಹಾಕಿತು. ಈ ಚಿಪ್ ಬೇಕಾದರೆ ಮೊದಲು ಮೆಷಿನ್ನಿಗೇ ಬೀಗ ಹಾಕಬೇಕು, ಅದಕ್ಕೊಂದು ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ಮರೆತರೆ ಒಳಗಿರುವುದನ್ನು ಯಾರೂ ತೆಗೆಯಲಾರರು ಎಂದು ಕೆಳಗೆ ಎಚ್ಚರಿಕೆ ಬೇರೆ.

ಅದನ್ನು ಓದಿ ಹೇಳಿದಾಗ ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಬಂತು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. "ಹಂಗಾರ ಇದು ಸ್ಟ್ರಾಂಗ್ ರೂಮ್ ಆತು. ಡಬಲ್ ಲಾಕ್ ಮಾಡೋಣ್ರಿ."

ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಅಂದರೆ ಅವಳ ಹತ್ತಿರ. ಇನ್ನೊಂದು ಆಫೀಸರ್ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು. ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಮುಖ ಆ ಕಡೆ ಮಾಡಬೇಕು. ಇದು ಅವಳಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಮನೆಯ ಗೋದ್ರೇಜ್ ಬೀರು ತೆಗೆಯುವಾಗಲೂ ನಾನು ಪಕ್ಕದಲ್ಲಿ ನಿಂತಿದ್ದರೆ ಒಮ್ಮೆ ದುರುಗುಟ್ಟಿ ನೋಡುತ್ತಿದ್ದಳು. ಈಗ ಪಾಸ್‌ವರ್ಡಿನ ಮೊದಲರ್ಧ ನಾನು ಬರೆಯುವುದು, ಉಳಿದರ್ಧ ಅವಳು, ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು ಎಂದು ಅಪ್ಪಣೆಯಾಯಿತು.

"ಏನು ಹುಚ್ಚು ಇದು. ನಿನ್ನ ದನಿ ಕದಿಯೋಕೆ ಯಾರು ಬರ್ತಾರೆ?"

"ಕದಿಯೂದಿಲ್ಲ, ಫಾರ್ವರ್ಡ್ ಮಾಡ್ತಾರ. ನಿಮ್ಮ ಅಕ್ಕ, ನನ್ನ ತಂಗಿ, ಎಲ್ಲಾರೂ ಇದ್ದಾರಲ್ಲ ಗ್ರೂಪಿನ್ಯಾಗ. ಪಾಪ ಪಾಪ ಅಂತ ಊರತುಂಬ ಕಳಸ್ತಾರ. ನನ್ನ ದನಿ ಯಾರ ಫೋನಿಗೂ ಹೋಗಬಾರದು. ಅದರಾಗ ಇದ್ರ ಅದರಾಗ ಅಷ್ಟ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳಿಗೆ ತನ್ನ ದನಿಯನ್ನು ಫೋನಿನಲ್ಲಿ ಕೇಳುವುದೆಂದರೆ ಮೊದಲಿಂದಲೂ ಆಗದು. ಒಂದೇ ಒಂದು ವಾಯ್ಸ್ ಮೆಸೇಜ್ ಕಳಿಸಿದವಳಲ್ಲ, ಎಲ್ಲವನ್ನೂ ಟೈಪ್ ಮಾಡುವಳು. ವಿಡಿಯೋ ತೆಗೆಯುವಾಗ ತಾನೇ ಫೋನ್ ಹಿಡಿದು ಸುಮ್ಮನಿರುವಳು. ನಾನು ಮೊದಲರ್ಧ ಬರೆದೆ, ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಂತರ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. "ಆ ಕಡೆ ನೋಡ್ರಿ" ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಎರಡು ಬೆರಳಿನಲ್ಲಿ ಅವಳು ಟಪ್ ಟಪ್ ಎಂದು ಒತ್ತುವುದು ಕೇಳಿಸುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸಗಳಲ್ಲಿ ಇಷ್ಟು ಗಂಭೀರವಾಗಿ ಮಾಡಿದ್ದು ಇನ್ನೊಂದಿಲ್ಲ ಅನ್ನಿಸಿ ನಗು ಬಂತು. ಅವಳೂ ನಕ್ಕಳು.

ಬೀಗ ಬಿತ್ತು, ಚಿಪ್ ಸೇರಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಅದು ತಕರಾರು ಮಾಡದೆ ಹೊಸ್ತಿಲು ದಾಟಿತು. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತ, ಫ್ಯಾನು ಗೊರಗುಟ್ಟುತ್ತ ಮಧ್ಯಾಹ್ನದ ಹೊತ್ತಿಗೆ ಹೊಸ ವ್ಯವಸ್ಥೆಯನ್ನು ಹಾಕಿ ಮುಗಿಸಿತು.

ಶಸ್ತ್ರಚಿಕಿತ್ಸೆಯವರೆಗೆ ನಾನು ರಜೆ ಹಾಕಿದೆ. ಬೆಳಗಿನ ಹೊತ್ತು ಅವಳ ದನಿ ತಿಳಿಯಾಗಿರುತ್ತಿತ್ತು, ಸಂಜೆಯಾದಂತೆ ಒಡೆಯುತ್ತಿತ್ತು. ಹಾಗಾಗಿ ತಿಂಡಿ ಮುಗಿದ ಕೂಡಲೇ ಮಲಗುವ ಕೋಣೆಯ ಕಿಟಕಿ ಹಾಕಿ, ಫ್ಯಾನ್ ನಿಲ್ಲಿಸಿ ಕೂರುತ್ತಿದ್ದೆವು. ತಿರುವನಂತಪುರದ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದೆಂದರೆ ಬೆವರಿನಲ್ಲಿ ಸ್ನಾನ. ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು, ಮೀನಿನವನ ಸ್ಕೂಟರ್ ಹಾರ್ನ್ ಮಾಡುತ್ತಿತ್ತು. ಎಲ್ಲ ನಿಂತಾಗ ಅವಳು ಒಂದು ವಾಕ್ಯ ಹೇಳುವಳು, ಅಷ್ಟರಲ್ಲಿ ಕಾಗೆ.

ಆಸ್ಪತ್ರೆಯವರು ಮಾದರಿ ವಾಕ್ಯಗಳನ್ನು ಕೊಟ್ಟಿದ್ದರು. ನೀರು ಬೇಕು, ಇಲ್ಲಿ ನೋಯುತ್ತಿದೆ, ನರ್ಸನ್ನು ಕರೆಯಿರಿ, ಇಂಥವು. ಅವಳು ಅವನ್ನು ಓದಿ ಬದಿಗಿಟ್ಟಳು. "ನೀರ ಬೇಕಂದ್ರ ಕೈಸನ್ನಿ ಮಾಡಿದ್ರ ತಿಳೀತದ. ಸನ್ನಿ ಮಾಡಾಕ ಬರಲಾರದ್ದು ಹೇಳಿಡಬೇಕು."

ಸನ್ನೆಯಲ್ಲಿ ಹೇಳಲು ಬಾರದ್ದು ಎಂದರೆ ಅವಳ ಪ್ರಕಾರ ಮುಖ್ಯವಾಗಿ ಬೈಗುಳ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿದ್ದಕ್ಕೆ ಒಂದು, ತರಕಾರಿ ಆರಿಸದೆ ತಂದದ್ದಕ್ಕೆ ಒಂದು, ಫೋನ್ ನೋಡುತ್ತ ಊಟ ಮಾಡುವುದಕ್ಕೆ ಮಗಳಿಗೂ ನನಗೂ ಬೇರೆ ಬೇರೆ. "ಹೌದೇನು?" ಎನ್ನುವುದನ್ನೇ ನಂಬಿದ ಹಾಗೆ ಒಮ್ಮೆ, ನಂಬದ ಹಾಗೆ ಒಮ್ಮೆ, ತಂಗಿಯ ಜೊತೆ ಹರಟುವಾಗಿನ ಹಾಗೆ ಒಮ್ಮೆ ಹೇಳಿದಳು. ನನ್ನನ್ನು ಕರೆಯುವುದನ್ನೂ ಹೇಳಿಡು ಎಂದೆ. ಅವಳು ಎಂದೂ ನನ್ನ ಹೆಸರು ಹಿಡಿದವಳಲ್ಲ. "ಏನ್ರಿ" ಎಂದಳು. ಆಮೇಲೆ ಇನ್ನೊಂದು ಸಲ, ಮೆಲ್ಲಗೆ, "ಏನ್ರೀ" ಎಂದಳು. ಆ ಎರಡನೆಯದು ಭಾನುವಾರ ಸಂಜೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುವಾಗ ಕರೆಯುತ್ತಿದ್ದ ಕರೆ. ನನಗೆ ಕಣ್ಣು ತುಂಬಿ ಬಂದು, ಮೈಕಿನ ವೈರ್ ಸರಿಮಾಡುವ ನೆಪದಲ್ಲಿ ಬಗ್ಗಿದೆ.

ಕೊನೆಯ ದಿನ ನನ್ನನ್ನು ಹೊರಗೆ ಕಳಿಸಿದಳು. "ಒಂದು ಸಾಲು ಇರ್ಲಿ ನಂದು. ಮಗಳಿಗೆ ಹೇಳೂದು ಅದ" ಎಂದು ಬಾಗಿಲು ಹಾಕಿಕೊಂಡಳು. ನಾನು ಹಜಾರದಲ್ಲಿ ಪೇಪರ್ ಹಿಡಿದು ಕೂತೆ. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು ಎಂದರು. ಕತ್ತಿನಲ್ಲಿ ಉಸಿರಾಡಲು ಮಾಡಿದ ರಂಧ್ರಕ್ಕೆ ತೆಳುವಾದ ಬಟ್ಟೆ ಕಟ್ಟಿಕೊಂಡು ಅವಳು ಮನೆಗೆ ಬಂದಳು. ಏನು ಬೇಕಾದರೂ ಫೋನಿನಲ್ಲಿ ಟೈಪ್ ಮಾಡಿ ತೋರಿಸುವಳು. ತುರ್ತಾಗಿದ್ದರೆ ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟುವಳು. ಬೇಗ ಕುಟ್ಟಿದರೆ ಸಿಟ್ಟು, ನಿಧಾನವಾಗಿ ಕುಟ್ಟಿದರೆ ಚಹಾ ಆಗಿದೆ ಎಂದು. ಮನೆ ಅಷ್ಟು ಸದ್ದು ಮಾಡಿದ್ದು ಹಿಂದೆಂದೂ ಇಲ್ಲ, ಆದರೂ ಒಂದು ಮಾತಿಲ್ಲದೆ ಬಿಕೋ ಎನ್ನುತ್ತಿತ್ತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಲ್ಯಾಪ್‌ಟಾಪ್ ತಂದು ಮುಂದಿಟ್ಟೆ. ನಾನು ನನ್ನರ್ಧ ಬರೆದೆ, ಅವಳು ಅವಳರ್ಧ ಬರೆದಳು, ಅದೇ ಗೋಡೆ ಕಿಟಕಿ ನೋಡಿಕೊಂಡು. ಅವಳು ಒಂದು ಗುಂಡಿ ಒತ್ತಿದಳು. "ಚಾ ಮಾಡ್ಲೇನ್ರಿ?" ಎಂದು ಅವಳ ದನಿ ಕೋಣೆ ತುಂಬ ಕೇಳಿಸಿತು. ನಗುನಗುತ್ತ ಇದ್ದ ದನಿ. ಬಾಗಿಲಲ್ಲಿ ನಿಂತಿದ್ದ ಮಗಳು ಗೋಡೆ ಹಿಡಿದುಕೊಂಡು ಅಳತೊಡಗಿದಳು. ನಾನು ಅಳಲಿಲ್ಲ, ನನಗೆ ಬರೀ ಸಂತೋಷವಾಗಿತ್ತು. ಇನ್ನೊಂದು ಒತ್ತು, ಇನ್ನೊಂದು ಒತ್ತು ಎಂದೆ. ಅವಳು ಪರದೆಯನ್ನೇ ನೋಡುತ್ತ ಕೂತು, ಆಮೇಲೆ ಎಲ್ಲವನ್ನೂ ಮುಚ್ಚಿ ಲ್ಯಾಪ್‌ಟಾಪ್ ಮಡಿಚಿದಳು. ಫೋನ್ ತೆಗೆದು ಟೈಪ್ ಮಾಡಿ ನನ್ನ ಮುಂದೆ ಹಿಡಿದಳು: ಅಕಿ ಬ್ಯಾರೆ. ಅಕಿಗೆ ಇನ್ನಾ ಏನೂ ಆಗಿಲ್ಲ. ನಾ ಇರೂತನಕ ಅಕಿನ್ನ ಕರೀಬ್ಯಾಡ್ರಿ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ, ಹಟ ಮಾಡುವುದಕ್ಕೂ ಒಂದು ಮಿತಿ ಬೇಡವೇ ಎಂದು ಕೂಗಾಡಿದೆ. ಅವಳು ಲೋಟ ಕುಟ್ಟಲಿಲ್ಲ. ಒಬ್ಬರೇ ಜಗಳವಾಡುವುದು ಎಷ್ಟು ಕೆಟ್ಟದೆಂದು ಆಗ ತಿಳಿಯಿತು. ಎದುರು ಮಾತು ಬರುವ ಜಾಗದಲ್ಲೆಲ್ಲ ನನ್ನ ಮಾತೇ ಖಾಲಿ ನಿಲ್ಲುತ್ತಿತ್ತು. ಮತ್ತೆ ಆ ವಿಷಯ ಎತ್ತಲಿಲ್ಲ.

ಮಗಳು ಹನ್ನೆರಡನೇ ತರಗತಿ ಮುಗಿಸುವವರೆಗೆ ಅವಳು ಇದ್ದಳು. ಫಲಿತಾಂಶ ಬಂದ ದಿನ ಪಾಯಸ ಮಾಡಿದ್ದಳು. ಅದಾದ ಕೆಲವು ವಾರಕ್ಕೆ ಗಡ್ಡೆ ಮತ್ತೆ ಕಾಣಿಸಿಕೊಂಡಿತು, ಈ ಸಲ ಶ್ವಾಸಕೋಶದಲ್ಲಿ. ಮಳೆಗಾಲ ಮುಗಿಯುವುದರೊಳಗೆ ಎಲ್ಲ ಮುಗಿಯಿತು. ಆಸ್ಪತ್ರೆಯ ಮಂಚದಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು. ಅವಳು ಬಾಯಿ ಆಡಿಸಿದಳು. ತುಟಿ ನೋಡಿ ಓದಲು ನಾನು ಅಷ್ಟು ಹೊತ್ತಿಗೆ ಕಲಿತಿದ್ದೆ. ಊಟ ಮಾಡಿ ಬನ್ನಿ ಎಂದಿದ್ದಳು. ಮಾಡಿ ಬಂದೆ. ಆಗಲೇ ಹೋಗಿದ್ದಳು.

ತಿರುವನಂತಪುರದ ಮನೆ ಖಾಲಿ ಮಾಡಿದೆವು. ಮಗಳಿಗೆ ಕಳಮಶ್ಶೇರಿಯ ಯೂನಿವರ್ಸಿಟಿಯಲ್ಲೇ ಸೀಟು ಸಿಕ್ಕಿತು, ನನ್ನ ಕ್ವಾರ್ಟರ್ಸಿಗೆ ಬಂದಳು. ಅಮ್ಮ ಹೇಳಿದ್ದ ಹಾಗೆ ಅವಳಿಗೆ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟೆ. ಹಳೆಯದನ್ನು ಸೀರೆಯೊಂದರಲ್ಲಿ ಸುತ್ತಿ ತಂಪಾನೂರಿನಿಂದ ಆಲುವದವರೆಗೆ ತೊಡೆಯ ಮೇಲೆಯೇ ಇಟ್ಟುಕೊಂಡು ತಂದೆ. ಬೀರುವಿನಲ್ಲಿಟ್ಟೆ. ಅದರೊಳಗೆ ನನ್ನ ಹೆಂಡತಿಯ ದನಿ ಇತ್ತು, ನನ್ನ ಹತ್ತಿರ ಅರ್ಧ ಕೀಲಿ ಇತ್ತು.

ಕಚೇರಿಯಲ್ಲಿ ನನಗಿಂತ ಹೆಚ್ಚು ತಿಳಿದ ಸಹೋದ್ಯೋಗಿಯೊಬ್ಬರಿದ್ದಾರೆ. ಯಾರದೋ ವಿಷಯ ಎಂಬಂತೆ ಕೇಳಿದೆ. ಅವರು ನಕ್ಕು, "ಸಾರೇ, ತೆಗೆಯಲು ಬರಬಾರದು ಅಂತಲೇ ಅಲ್ವಾ ಅದನ್ನು ಹಾಕೋದು?" ಎಂದು ಇಂಗ್ಲಿಷಿನಲ್ಲಿ ಅಂದರು. ಅವರ ಮೇಲೂ ಸಿಟ್ಟು ಬಂತು. ಊರಿಗೆಲ್ಲ ಈ ಕಾವಲುಗಳ ಮಹಿಮೆ ಹೇಳಿಕೊಂಡು ಸಂಬಳ ತಿಂದವನು ನಾನು. ಮನೆಯೊಳಗಿನ ಒಂದೇ ಒಂದು ಬೆಲೆಬಾಳುವ ವಸ್ತುವನ್ನು ಅದೇ ಕಾವಲು ನನ್ನಿಂದಲೇ ಕಾಯುತ್ತಿತ್ತು.

ಅವಳ ಬ್ಯಾಂಕಿನಲ್ಲಿ ಅವಳ ಜೊತೆಗೆ ಇನ್ನೊಂದು ಕೀಲಿ ಹಿಡಿದಿದ್ದ ಆಫೀಸರ್, ಮಲಯಾಳಿ ಹೆಂಗಸು, ಒಂದು ಭಾನುವಾರ ನಮ್ಮನ್ನು ನೋಡಲು ಬಂದರು. ಮಗಳು ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ಚಹಾ ಕುಡಿಯುತ್ತ ಅವರು ಅವಳ ಶಿಸ್ತಿನ ಬಗ್ಗೆ ಹೇಳತೊಡಗಿದರು. ಅರ್ಧ ದಿನದ ರಜೆಗೆ ಹೋಗುವಾಗಲೂ ಕೀಲಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಅವರ ಸಹಿ ಹಾಕಿಸಿಕೊಂಡೇ ಹೋಗುತ್ತಿದ್ದಳಂತೆ. ಒಂದೇ ಒಂದು ಸಲವೂ ಕೀಲಿ ಒಪ್ಪಿಸದೆ ಹೊರಟವಳಲ್ಲ ಎಂದರು. ಅವರು ಹೊಗಳಲೆಂದೇ ಹೇಳಿದ್ದು. ನಾನು ಲೋಟ ಕೆಳಗಿಟ್ಟು ಬೀರುವಿನ ಕಡೆ ನೋಡಿದೆ.

ಅವರು ಹೋದ ಮೇಲೆ ಮಗಳ ಮುಖ ನೋಡಿದೆ. "ಅಮ್ಮ ನಿಂಗೇನಾದ್ರೂ ಹೇಳಿದ್ಲಾ?" ಎಂದು ಕೇಳಿದೆ.

ಅವಳು ಲೋಟಗಳನ್ನು ಒಂದರೊಳಗೊಂದು ಇಡುತ್ತ ನಿಂತಳು. "ಎನಿಕ್ಕು ತನ್ನಿಟ್ಟುಂಡು" ಎಂದಳು. ಕೀಲಿಯನ್ನು ನನಗೆ ಕೊಟ್ಟಿದ್ದಾಳೆ ಎಂದು. ಆಸ್ಪತ್ರೆಯಲ್ಲಿ, ನಾನು ಔಷಧಿ ತರಲು ಹೋಗಿದ್ದಾಗ, ಅವಳಮ್ಮ ಅವಳ ಅಂಗೈಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು, ಬಾಯಿಪಾಠವಾಗುವವರೆಗೆ ತಿರುಗಿ ಅವಳಿಂದ ಬರೆಸಿಕೊಂಡು ಒಪ್ಪಿಸಿದ್ದಳು.

"ಮತ್ತೆ ಇಷ್ಟು ದಿನ ಹೇಳಲಿಲ್ಲ!"

ಷರತ್ತಿತ್ತು, ಎಂದಳು ಮಗಳು. ಅಪ್ಪ ನನ್ನ ದನಿ ಮರೆತ ದಿನ ತೆಗೆದುಕೊಡು, ಅದಕ್ಕಿಂತ ಮೊದಲು ಬೇಡ, ನೆನಪಿರುವವರೆಗೆ ಪೆಟ್ಟಿಗೆ ಯಾಕೆ ಎಂದು ಅಮ್ಮ ಟೈಪ್ ಮಾಡಿದ್ದಳಂತೆ. ಓದಿಸಿ ಅಳಿಸಿಬಿಟ್ಟಿದ್ದಳಂತೆ.

"ನಾನು ಮರೆತಿಲ್ಲ" ಎಂದೆ. ಕೂಗಿಯೇ ಹೇಳಿದೆ. "ಯಾವತ್ತೂ ಮರೆಯಲ್ಲ." ಮಗಳು ತಲೆಯಾಡಿಸಿ ಒಳಗೆ ಹೋದಳು. ನನಗೆ ಅಲ್ಲಿಗೆ ಕೀಲಿ ಸಿಕ್ಕಿತ್ತು, ಮತ್ತು ಅದನ್ನು ಕೇಳುವ ಹಾಗಿರಲಿಲ್ಲ. ಕೇಳಿದರೆ ಮರೆತೆ ಎಂದು ಒಪ್ಪಿಕೊಂಡ ಹಾಗೆ. ಹಟದಲ್ಲಿ ನಾನೂ ಹೆಂಡತಿಗೆ ಕಡಿಮೆಯವನಲ್ಲ. ಬೀರುವಿನ ಬಾಗಿಲು ತೆಗೆದಾಗಲೆಲ್ಲ ಸೀರೆಯ ಗಂಟು ಕಾಣುತ್ತಿತ್ತು, ಅಂಗಿ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದೆ.

ಹೆಂಡತಿಯ ತಂಗಿ ಧಾರವಾಡದಿಂದ ಆಗಾಗ ಫೋನ್ ಮಾಡುತ್ತಾಳೆ. ನಮ್ಮಿಬ್ಬರನ್ನೂ ವಿಚಾರಿಸಿಕೊಳ್ಳುವ ಒಳ್ಳೆಯ ಹೆಂಗಸು. ಈ ವರ್ಷ ಓಣಂ ರಜೆಯಲ್ಲಿ ಒಂದು ಮಧ್ಯಾಹ್ನ, ಮಗಳು ಕೋಣೆಯಲ್ಲಿ ಓದುತ್ತಿದ್ದಳು, ನಾನು ಅಕ್ಕಿ ತೊಳೆದು ಕುಕ್ಕರಿಗೆ ಹಾಕಿ, ಒದ್ದೆ ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅದನ್ನು ಹಾಸಿಗೆಯ ಮೇಲೆ ಎಸೆದೆ. ಎಸೆದ ಕೂಡಲೇ ಎಂದಿನ ಹಾಗೆ ಹೆಂಡತಿ ಬೈಯುವುದು ಕಿವಿಯಲ್ಲಿ ಕೇಳಿಸಬೇಕಿತ್ತು. ಕೇಳಿಸಿತು. ಆದರೆ ಅದು ಅವಳ ದನಿಯಾಗಿರಲಿಲ್ಲ, ತಂಗಿಯದು. ಗಾಬರಿಯಾಯಿತು. ಇನ್ನೊಂದು ವಾಕ್ಯ ನೆನಪಿಸಿಕೊಂಡೆ, ಅದನ್ನೂ ತಂಗಿಯೇ ಹೇಳಿದಳು. ಕೊನೆಗೆ "ಏನ್ರೀ" ಎನ್ನುವುದನ್ನು, ಭಾನುವಾರ ಸಂಜೆಯದನ್ನು, ಕಣ್ಣು ಮುಚ್ಚಿ ಹುಡುಕಿದೆ. ಚಪ್ಪಲಿ ಮೆಟ್ಟಿದ್ದು ನೆನಪಿತ್ತು, ಹೆಗಲ ಮೇಲಿನ ಚೀಲದ ಭಾರ ನೆನಪಿತ್ತು, ಬಾಗಿಲಲ್ಲಿ ಅವಳು ನಿಂತ ರೀತಿ ನೆನಪಿತ್ತು. ಮಾತೂ ನೆನಪಿತ್ತು. ದನಿ ಇರಲಿಲ್ಲ. ಫೋನಿನಲ್ಲಿ ಕೇಳಿ ಕೇಳಿ, ಅಕ್ಕನ ಜಾಗದಲ್ಲಿ ತಂಗಿ ಬಂದು ಕೂತಿದ್ದು ನನಗೆ ತಿಳಿದೇ ಇರಲಿಲ್ಲ. ಅವಳು ಎರಡನೇ ಸಲ ಸತ್ತ ಹಾಗಾಯಿತು. ಈ ಸಲ ನನ್ನೊಳಗೆ.

ಮಗಳ ಕೋಣೆಯ ಬಾಗಿಲಿಗೆ ಹೋಗಿ ನಿಂತೆ.

"ಮರೆತೆ ಕಣೇ" ಎಂದೆ.

ಅವಳು ಪುಸ್ತಕ ಮುಚ್ಚಿ ಎದ್ದು ಬಂದಳು. ಬೀರುವಿನಿಂದ ಲ್ಯಾಪ್‌ಟಾಪ್ ತೆಗೆದು, ಸೀರೆ ಬಿಚ್ಚಿ, ಮಡಿಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಬ್ಯಾಟರಿ ಸತ್ತಿತ್ತು, ವೈರ್ ಹಚ್ಚಿದೆವು. ಅದು ಗೊರಗುಟ್ಟುತ್ತ ಎದ್ದಿತು. ಪಾಸ್‌ವರ್ಡಿನ ಪೆಟ್ಟಿಗೆ ಬಂತು. ನಾನು ನನ್ನರ್ಧ ಬರೆಯುವಾಗ ಮಗಳು, ಯಾರೂ ಹೇಳದೆಯೇ, ಮುಖ ಕಿಟಕಿಯ ಕಡೆ ತಿರುಗಿಸಿದಳು. ನಂತರ ನನ್ನ ಭುಜ ಮುಟ್ಟಿ, "ಅಪ್ಪಾ, ಅಂಗೋಟ್ಟು ನೋಕ್ಕ್" ಎಂದಳು. ಆ ಕಡೆ ನೋಡು. ನಾನು ಗೋಡೆ ನೋಡಿದೆ. ಟಪ್ ಟಪ್ ಎಂದು ಅವಳು ಒತ್ತುವುದು ಕೇಳಿಸಿತು.

ಸಹಿಗಳನ್ನೆಲ್ಲ ತಾಳೆ ನೋಡಿ ಮೆಷಿನ್ ತೆರೆದುಕೊಂಡಿತು. ಮೊದಲು ಅಪ್‌ಡೇಟ್ ಬೇಕು ಎಂದು ಹಟ ಹಿಡಿಯಿತು, ನಾನು ಬಾಯಿಗೆ ಬಂದಂತೆ ಬೈದೆ, ಮಗಳು ಆಮೇಲೆ ಎಂದು ಒತ್ತಿದಳು. ಪ್ರೋಗ್ರಾಂ ತೆರೆದರೆ ಗುಂಡಿಗಳ ಸಾಲುಗಳು. ನಾನು ಹುಡುಕುತ್ತಿದ್ದದ್ದು ಎರಡನೆಯ ಸಾಲಿನಲ್ಲಿತ್ತು, ಒತ್ತಿದೆ.

"ಏನ್ರೀ."

ಅವಳೇ. ತಂಗಿಯಲ್ಲ, ಯಾರೂ ಅಲ್ಲ, ಅವಳು. ಒಂದಿಷ್ಟು ಒರಟು, ಕೊನೆಯಲ್ಲಿ ಸ್ವಲ್ಪ ಎಳೆಯುವುದು. ಇಷ್ಟನ್ನು ಹೇಗೆ ಕಳೆದುಕೊಂಡೆನೋ ಎಂದು ಮಗಳ ಎದುರಿಗೇ ಬಿಕ್ಕಿಬಿಕ್ಕಿ ಅತ್ತೆ. ಅವಳು ನನ್ನ ಬೆನ್ನು ಸವರುತ್ತ, ಇನ್ನೊಂದು ಕೈಯಿಂದ ಪರದೆಯನ್ನು ಕೆಳಗೆ ಸರಿಸುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ ದಿನದ ಸಾಲು. ಗುಂಡಿಗಳ ಮೇಲೆ ಏನೂ ಬರೆದಿರಲಿಲ್ಲ. ಮಗಳು ಮೊದಲನೆಯದನ್ನು ಒತ್ತಿದಳು.

"ಊಟಾ ಆತೇನ?"

"ಕಳಿಚ್ಚು ಅಮ್ಮೇ" ಎಂದಳು ಮಗಳು.

ಯೋಚಿಸಿ ಹೇಳಿದ್ದಲ್ಲ. ಸ್ಕೂಲಿನಿಂದ ಬಂದು ಬಾಗಿಲಲ್ಲಿ ಹೇಳುತ್ತಿದ್ದ ಹಾಗೆಯೇ ಬಾಯಿಂದ ಬಂದುಬಿಟ್ಟಿತು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ನಮ್ಮಿಬ್ಬರದೂ ಊಟ ಆಗಿರಲಿಲ್ಲ, ಕುಕ್ಕರ್ ಇನ್ನೂ ಕೂಗಿರಲಿಲ್ಲ. ಅವಳ ಬೆರಳು ಪಕ್ಕದ ಗುಂಡಿಗೆ ಹೋಯಿತು.

"ಸುಳ್ಳ ಹೇಳಬ್ಯಾಡ. ತಾಟ ತೊಗೊಂಡ ಬಾ" ಎಂದಳು ಅವಳಮ್ಮ.

ಮಗಳು ಕಣ್ಣೊರೆಸಿಕೊಂಡು ಎದ್ದು ಅಡುಗೆಮನೆಗೆ ತಟ್ಟೆ ತರಲು ಹೋದಳು.